ಏಳು ದಿನದ ನೀರು

ಈ ಖೋಲಿಗಿ ಉಸುಕು ಹೊತ್ತಾಕಿ ನಾನು.
ಎಷ್ಟು ಬುಟ್ಟಿ ಅಂತ ನನಗೇನು ಗೊತ್ತು,
ಮಗಳು ಲೆಕ್ಕಾ ಇಟ್ಟಾಳ,
ನೂರರ ತನಾ ಹೋಗಿ ಮತ್ತ ಒಂದರಿಂದ.
ಆಕಿಗಿ ನೂರರ ಮುಂದ ಇನ್ನೂ ಬರೂದಿಲ್ಲ.
ಅದಕ್ಕ ಅಲ್ಲೇನು ಈ ಸಾಲಿ.

ಝುವಾರಿನಗರದ ದಿಬ್ಬದ ಮ್ಯಾಲ, ನೀರಿನ ಟಾಕಿ ಹಿಂದ,
ಇವತ್ತ ಉದ್ಘಾಟನಾ.
ಹತ್ತಕ್ಕ ಬರ್ತೀನಂದ ಪಂಚಾಯ್ತಿ ಮೆಂಬರ
ಹನ್ನೆರಡಾದ್ರೂ ಇಲ್ಲ.
ಬಾಗಲಕ್ಕ ಕೆಂಪು ರಿಬ್ಬನ್ನು,
ತಾಟಿನ್ಯಾಗ ಹೊಸಾ ಕತ್ತರಿ,
ಬಿಸಲಾಗ ಅರವತ್ತು ಹುಡುಗರು,
ಕುಷ್ಟಗಿಯವು, ರೋಣದವು, ಹುನಗುಂದದವು,
ಎಲ್ಲಾರ ಕಣ್ಣೂ ಲಾಡೂನ ಡಬ್ಬಿ ಮ್ಯಾಲ.

ಸಿಸ್ಟರ್ ಎರ್ಮೆಲಿಂದಾ ಕುರ್ಚಿ ಒಲ್ಲೆ ಅಂದು
ನಮ್ಮ ಜೋಡಿ ಕಟ್ಟಿ ಮ್ಯಾಲ ಕುಂತಳು.
ಇಪ್ಪತ್ತಾರು ವರ್ಷ ಆಫ್ರಿಕಾದಾಗ ಇದ್ದಾಕಿ.
ಆ ದೇಶದ ಹೆಸರು ನನ್ನ ನಾಲಿಗ್ಯಾಗ
ಮೋಸಂಬಿ ಆಗತೈತಿ.
ಆಕಿ ನಗತಾಳ, ತಿದ್ದೂದಿಲ್ಲ.
ಕೊಂಕಣಿ ಅರ್ಧಾ, ನಾವು ಕಲಿಸಿದ ಕನ್ನಡ ಅರ್ಧಾ,
ನಡುವ ಕೈಸನ್ನಿ:

ಅಲ್ಲೂ ಹಿಂಗ ಒಂದು ಖೋಲಿ ತೆರದ್ವಿ, ಹುಲಿಗೆವ್ವಾ.
ಮಣ್ಣಿನ ಗ್ವಾಡಿ, ಹುಲ್ಲಿನ ಮಾಡು, ಬೆಂಚಿಲ್ಲ.
ಒಂದೊಂದು ಹುಡುಗ ಒಂದೊಂದು ಕಲ್ಲು ತಂದ,
ಕುಂದರಾಕ.
ಮೊದಲ ಒಳಗ ಹೊಕ್ಕದ್ದು ಒಂದು ಆಡು.
ಫಾದರ್ ಬೈದರು. ಊರ ಹಿರ್ಯಾ ಅಂದ, ಬಿಡ್ರಿ,
ಅದಕ್ಕೂ ಓದಾಕ ಬರೂದಿಲ್ಲ.
ಆಮ್ಯಾಲ ಕದನ ಬಂತು. ಹುಡುಗರು ಬರಲಿಲ್ಲ.
ಕಲ್ಲು ಎಲ್ಲಿ ಇಟ್ಟಿದ್ರೋ ಅಲ್ಲೇ.
ನಾ ದಿನಾ ಹೋಗಿ ಹಾಜರಿ ಕರದೆ.
ಯಾರ ಕಲ್ಲು ಯಾವದಂತ ನನಗ ಗೊತ್ತಿತ್ತು.

ಇಷ್ಟ ಹೇಳಿ
ಸೆರಗಿಲ್ಲದ ಆಕಿ ತೋಳಿನಿಂದ ಮಾರಿ ವರಸಿಕೊಂಡಳು.
ಬೆವರೋ ಏನೋ, ಬಿಸಲು ಭಾಳ ಇತ್ತು.

ಕತ್ತರಿ ಕಡೆ ನೋಡಿದಳು, ರಸ್ತೆ ಕಡೆ ನೋಡಿದಳು,
ಎದ್ದಳು.
ಬೇಲಿ ತಂತಿ ಎತ್ತಿಧಂಗ ರಿಬ್ಬನ್ ಎತ್ತಿ ಹಿಡದು
ನುಸುಳ್ರಿ, ಅಂದಳು.
ಅರವತ್ತು ತಲಿ ಬಗ್ಗಿ ಒಳಗ.

ನಾ ನಿಂತೆ.
ದಾಬೋಳಿಂನ್ಯಾಗ ಆರು ಅಂತಸ್ತು ಏರಿಸೀನಿ,
ಚಿಕಾಲಿಂದಾಗ ನಾಕು,
ಸಮುದ್ರ ಕಾಣೂ ಬಚ್ಚಲಕ್ಕ ಫರಸಿ ಹೊತ್ತೀನಿ.
ಮುಗದ ಮರುದಿನಾ ವಾಚ್‌ಮನ್ ಕೇಳ್ತಾನ, ಯಾರು ಬೇಕವ್ವಾ?
ಕಟ್ಟಿದ್ದರೊಳಗ ಹೋಗೂ ರೂಢಿ ಈ ಕಾಲಿಗಿಲ್ಲ.
ಚಪ್ಪಲಿ ಬಿಡಬೇಕೋ ಬ್ಯಾಡೋ
ಅದೂ ತಿಳೀಲಿಲ್ಲ.
ಬಿಟ್ಟೆ.

ಒಳಗ ಸುಣ್ಣದ ವಾಸನಿ. ಎರಡು ಫ್ಯಾನು.
ಮೂರನೇ ಕಿಡಕಿ ಕೆಳಗ ಬಡದರ ಟೊಳ್ಳು ಸಪ್ಪಳ ಬರತೈತಿ,
ಅದು ಗೌಂಡಿ ಮಾಬುಸಾಬಗ ಗೊತ್ತು, ನನಗ ಗೊತ್ತು.
ಸಾವಂತ್ರಿ ಅದಕ್ಕ ಬೆನ್ನು ಹಚ್ಚಿ ಕುಂತಿದ್ದಳು.
ಏಳು, ಆ ಕಡಿ ಕುಂದ್ರು ಅಂದೆ. ಒಲ್ಲೆ ಅಂದಳು.
ಗೆಣತಿ ಅಲ್ಲೇ ಅದಾಳಂತ.

ಮೇ ತಿಂಗಳಿಗಿ ಇಲ್ಲಿ ಕೆಲಸ ಮುಗೀತೈತಿ.
ಗುತ್ತೇದಾರ ಅಂದಾನ, ಮುಂದಿಂದು ಮಾಪ್ಸಾ ಕಡೆ.
ಸಿಸ್ಟರ್‌ಗಿ ಇನ್ನೂ ಹೇಳಿಲ್ಲ.
ಹೊರಗ ಉಳದಿದ್ದ ಚಿರೇಕಲ್ಲೊಂದು ತಂದು
ಹಿಂದಿನ ಮೂಲ್ಯಾಗ ಇಟ್ಟೆ.
ಯಾಕಂತ ಯಾರೂ ಕೇಳಲಿಲ್ಲ.
ಆಕಿ ನೋಡಿದಳು.

ಮೆಂಬರ ಎರಡಕ್ಕ ಬಂದ. ರಿಬ್ಬನ್ ಕಟ್ಟೇ ಇತ್ತಲ್ಲ,
ಕತ್ತರಿಸಿದ. ಫೋಟೋ ಆತು.
ಒಳಗಿನ ಹುಡುಗರು ಹೊರಗಿನವರಿಗೆ ಚಪ್ಪಾಳಿ ತಟ್ಟಿದರು.

ಖರೇ ಅಂದ್ರ ಎಂಟು ದಿನಾ ಲಗೂನ ತೆರದ್ರು ಈ ಖೋಲಿ.
ಹೊರಗಿನ ಗಿಲಾವ ಇನ್ನೂ ಹಸಿ.
ಏಳು ದಿನಾ ನೀರು ಕುಡಸಬೇಕು, ಇಲ್ಲಂದ್ರ ಬಿರಕು.
ಭಾಷಣದಾಗ ಯಾರೂ ಅದನ್ನ ಅನಲಿಲ್ಲ.
ನಾಳಿಂದ ನಸಿಕಿನ್ಯಾಗ ಬರ್ತೀನಿ, ಕೆಲಸಕ್ಕ ಹೋಗೂ ಮುಂದ.
ಕೊಡ ನನ್ನದ ಐತಿ.
ಟಾಕಿ ಕೀಲಿ ಯಾರ ಕಡೆ ಅಂತ ಕೇಳಬೇಕು.